ದಿನನಿತ್ಯದ ಫೋಟೋಗ್ರಫಿ: ಕ್ಯಾಮೆರಾನ ಸದಾ ರೆಡಿ ಇಟ್ಕೊಳ್ಳೋದು ಹೇಗೆ

ಒಂದು ಬೆಳಿಗ್ಗೆ, ದಟ್ಟ ಮಂಜು, ಎರಡೂ ಕಡೆ ಮರ ಇರೋ ರಸ್ತೆ, ದೂರದಿಂದ ಒಬ್ರು ಸೈಕಲ್ ತುಳ್ಕೊಂಡು ಬರ್ತಿದ್ರು. ಹಿಂದಿನಿಂದ ಬೆಳಕು ಸೀಳಿಕೊಂಡು ಬರ್ತಾ ಇತ್ತು. ಕ್ಯಾಮೆರಾ ಕೈಯಲ್ಲೇ ಇತ್ತು ಮಾರಾಯ್ರೆ, ಎತ್ತಿದೆ, ಒತ್ತಿದೆ, ಸ್ಕ್ರೀನ್ ನೋಡಿದ್ರೆ ಪೂರ್ತಿ ಬಿಳಿ. ಹಿಂದಿನ ರಾತ್ರಿ ಮನೆಯೊಳಗೆ ಮ್ಯಾನುಯಲ್ ಮೋಡ್‌ನಲ್ಲಿ ಶಟರ್ ಸ್ಪೀಡ್ (ಬೆಳಕು ಒಳಗೆ ಬಿಡೋ ಹೊತ್ತು) 1/15 ಸೆಕೆಂಡ್, ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಂಕೆ) 6400 ಇಟ್ಟು ಏನೋ ತೆಗೆದಿದ್ದೆ, ಹಾಗೇ ಬಿಟ್ಟಿದ್ದೆ. ಡಯಲ್ ತಿರುಗಿಸಿ ಸರಿ ಮಾಡೋಷ್ಟರಲ್ಲಿ ಸೈಕಲ್ ನನ್ನ ದಾಟಿ ಹೋಗಿತ್ತು, ನನ್ನ ಹತ್ರ ಉಳಿದಿದ್ದು ಬರೀ ಬೆನ್ನು.

ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ, ಹಾಗೆ ನಾನೂ ಆವತ್ತು ಎರಡು ದಿನ ಹೊಸ ಕ್ಯಾಮೆರಾ ರಿವ್ಯೂ ನೋಡ್ಕೊಂಡು ಕೂತಿದ್ದೆ. ಆಮೇಲೆ ಹಳೇ ಫೋಟೋಗಳನ್ನ ಕೂತು ಒಂದೊಂದಾಗಿ ನೋಡಿದಾಗ ಗೊತ್ತಾಯ್ತು, ನನ್ನ ಹಾಳಾದ ಫೋಟೋಗಳಲ್ಲಿ ಮುಕ್ಕಾಲು ಪಾಲು ಹಾಳಾಗಿದ್ದು ಕ್ಯಾಮೆರಾ ಸಾಲ್ದೇ ಅಲ್ಲ, ನಾನು ರೆಡಿ ಇಲ್ದೇ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ, ಅದೇ ಕಥೆ. ಹಾಗಾಗಿ ಈ ಗೈಡ್ ಸ್ಟುಡಿಯೋ ಶೂಟ್‌ಗೆ ಅಲ್ಲ, ಸಂಬಳಕ್ಕೆ ಬೇರೆ ಕೆಲಸ ಮಾಡ್ಕೊಂಡು ದಿನಾ ಓಡಾಡುವಾಗ ನಾಲ್ಕು ಫೋಟೋ ತೆಗೀಬೇಕು ಅನ್ನೋ ನನ್ನಂಥೋರಿಗೆ.

1. ಕ್ಯಾಮೆರಾ ಆರಿಸೋದು: ಮೊದಲು ತೂಕ ನೋಡಿ

ಎಲ್ರೂ ಸೆನ್ಸರ್ (ಬೆಳಕು ಹಿಡಿಯೋ ಚಿಪ್) ಇಂದ ಶುರು ಮಾಡ್ತಾರೆ, ನೀವು ತೂಕದಿಂದ ಶುರು ಮಾಡಿ. ದಿನಾ ಹೆಗಲ ಮೇಲೆ ಬೇಜಾರಿಲ್ದೆ ಎಷ್ಟು ಹೊರ್ತೀರಾ? ನೀರು ತುಂಬಿದ ಒಂದು ಲೀಟರ್ ಬಾಟಲಿನ ಒಂದು ವಾರ ಎಲ್ಲಿ ಹೋದ್ರೂ ಹೆಗಲಿಗೆ ನೇತು ಹಾಕ್ಕೊಂಡು ಹೋಗಿ ನೋಡಿ, ಒಂದು ಫುಲ್ ಫ್ರೇಮ್ ಬಾಡಿ ಜೊತೆ ಸಾಧಾರಣ ಲೆನ್ಸ್ ಸೇರಿದ್ರೆ ಹೆಚ್ಚುಕಮ್ಮಿ ಅಷ್ಟೇ ತೂಕ. ಮೂರನೇ ದಿನಕ್ಕೆ ಬಾಟಲಿ ಮನೇಲೇ ಬಿಟ್ಟು ಹೋದ್ರೆ ಉತ್ತರ ಸಿಕ್ಕಂಗೆ. ಇನ್ನೊಂದು ತುದಿಯಲ್ಲಿ ರಿಕೋ ಜಿಆರ್ 3 ಥರದ್ದಿದೆ, ಬ್ಯಾಟರಿ ಕಾರ್ಡ್ ಎಲ್ಲ ಸೇರಿ 257 ಗ್ರಾಂ, ಪ್ಯಾಂಟ್ ಜೇಬಲ್ಲಿ ಕೂರುತ್ತೆ, ಒಳಗಡೆ ಇರೋದು ಎಪಿಎಸ್-ಸಿ ಸೆನ್ಸರ್.

ಸೆನ್ಸರ್ ವಿಷ್ಯಾನೂ ಹೇಳ್ಬಿಡ್ತೀನಿ. ಫುಲ್ ಫ್ರೇಮ್ ಅಂದ್ರೆ 36×24 ಎಂಎಂ, ಹಳೇ ಫಿಲ್ಮ್ ಅಳತೆ. ಎಪಿಎಸ್-ಸಿ ಅಂದ್ರೆ ಸುಮಾರು 23.5×15.6, ಕ್ಯಾನನ್‌ದು ಇನ್ನೂ ಒಂಚೂರು ಚಿಕ್ಕದು, ಮೈಕ್ರೋ ಫೋರ್ ಥರ್ಡ್ಸ್ 17.3×13. ಚಿಕ್ಕ ಸೆನ್ಸರ್ ಆದಷ್ಟೂ ಕತ್ತಲಲ್ಲಿ ನಾಯ್ಸ್ (ಫೋಟೋದಲ್ಲಿ ಕಾಳು ಕಾಳು ಚುಕ್ಕಿ) ಜಾಸ್ತಿ, ಆದ್ರೆ ಕ್ಯಾಮೆರಾ, ಲೆನ್ಸ್ ಎರಡೂ ಹಗುರ. ಮೆಗಾಪಿಕ್ಸೆಲ್ ಚಿಂತೆ ಬಿಟ್ಬಿಡಿ. 24 ಮೆಗಾಪಿಕ್ಸೆಲ್ ಅಂದ್ರೆ 6000×4000, ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ ಪ್ರಿಂಟ್ ಹಾಕಿದ್ರೂ 20×13 ಇಂಚು ಬರುತ್ತೆ. ಅದಕ್ಕಿಂತ ದೊಡ್ಡ ಪ್ರಿಂಟ್ ನೀವು ಕೊನೇ ಸಲ ಯಾವಾಗ ಹಾಕ್ಸಿದ್ರಿ?

ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ಹೆದರ್ಬೇಡಿ, ಹವ್ಯಾಸಕ್ಕೆ ಅದೇ ಬೆಸ್ಟ್ ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಿ. ಲೆನ್ಸ್‌ನ ಎರಡೂ ಕ್ಯಾಪ್ ತೆಗೆದು, ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬಿಡೋ ಕಿಂಡಿ) ಪೂರ್ತಿ ಬಿಚ್ಚಿಟ್ಟು, ಒಂದು ಕಡೆಯಿಂದ ಫೋನ್ ಟಾರ್ಚ್ ಓರೆಯಾಗಿ ಹಾಕಿ ಇನ್ನೊಂದು ಕಡೆಯಿಂದ ನೋಡಿ. ಧೂಳಿನ ಕಣ ಇದ್ರೆ ತೊಂದ್ರೆ ಇಲ್ಲ, ಎಲ್ಲ ಲೆನ್ಸ್‌ನಲ್ಲೂ ಇರುತ್ತೆ. ಜೇಡರ ಬಲೆ ಥರ ಎಳೆ ಎಳೆಯಾಗಿ ಕಂಡ್ರೆ ಅದು ಫಂಗಸ್, ಕೈ ಮುಗಿದು ವಾಪಸ್ ಬನ್ನಿ. ಅಪರ್ಚರ್ ಬ್ಲೇಡ್ ಮೇಲೆ ಎಣ್ಣೆ ಹೊಳೀತಿದೆಯಾ ನೋಡಿ. ಕ್ಯಾಮೆರಾ ಬಾಡಿ ಪರೀಕ್ಷೆಗೆ ಅಪರ್ಚರ್ ಎಫ್/16 (ಎಫ್ ಅಂಕೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಇಟ್ಟು ಒಂದು ಬಿಳಿ ಗೋಡೇನೋ ಮೋಡದ ಆಕಾಶಾನೋ ಫೋಕಸ್ ಕೆಡಿಸಿ ತೆಗೀರಿ, ಸೆನ್ಸರ್ ಮೇಲೆ ಕೊಳೆ ಇದ್ರೆ ಬೂದು ಚುಕ್ಕಿಗಳಾಗಿ ಕಾಣುತ್ತೆ. ಆಮೇಲೆ ಪ್ರತಿ ಬಟನ್, ಪ್ರತಿ ಡಯಲ್, ಕಾರ್ಡ್ ಸ್ಲಾಟ್, ಬ್ಯಾಟರಿ ಬಾಗಿಲು. ನಾಚಿಕೆ ಪಡ್ಬೇಡಿ, ಹದಿನೈದು ನಿಮಿಷ ತಗೊಳ್ಳಿ, ಮಾರೋರು ಅವಸರ ಮಾಡಿದ್ರೆ ಅದೇ ಒಂದು ಸೂಚನೆ.

2. ಲೆನ್ಸ್ ಒಂದೇ, ಆದ್ರೆ ಯಾವುದು?

ಕ್ಯಾಮೆರಾ ಜೊತೆಗೇ ಬರೋ ಕಿಟ್ ಲೆನ್ಸ್ ಅಂದ್ರೆ ಮೂಗು ಮುರಿಯೋದು ಫ್ಯಾಷನ್ ಆಗಿದೆ, ಹಗಲು ಹೊತ್ತಲ್ಲಿ ಎಫ್/8 ಇಟ್ಟು ತೆಗೆದ್ರೆ 18-55 ಎಂಎಂ ಕಿಟ್ ಲೆನ್ಸ್ ಫೋಟೋನೂ ದುಬಾರಿ ಲೆನ್ಸ್ ಫೋಟೋನೂ ಸ್ಕ್ರೀನ್ ಮೇಲೆ ಬೇರೆ ಮಾಡಿ ಹೇಳೋದು ಕಷ್ಟ. ಅದರ ನಿಜವಾದ ಕೊರತೆ ಬೆಳಕು. 55 ಎಂಎಂ ತುದಿಯಲ್ಲಿ ಅದು ಸಾಮಾನ್ಯವಾಗಿ ಎಫ್/5.6ಕ್ಕಿಂತ ಬಿಚ್ಚಲ್ಲ. ಅದೇ ಜಾಗದಲ್ಲಿ ಒಂದು ಎಫ್/1.8 ಪ್ರೈಮ್ ಲೆನ್ಸ್ (ಜೂಮ್ ಆಗದ ಲೆನ್ಸ್) ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತೆ, ಅಂದ್ರೆ ಸಂಜೆ ಮನೆಯೊಳಗೆ ಕಿಟ್ ಲೆನ್ಸ್‌ಗೆ ಐಎಸ್ಒ 6400 ಬೇಕಾದ ಕಡೆ ಇದಕ್ಕೆ 640 ಸಾಕು.

ಯಾವ ಫೋಕಲ್ ಲೆಂತ್ (ಲೆನ್ಸ್ ಎಷ್ಟು ಅಗಲ ನೋಡುತ್ತೆ ಅಂತ ಹೇಳೋ ಎಂಎಂ ಅಂಕೆ) ಪ್ರೈಮ್ ತಗೊಳ್ಳೋದು ಅಂತ ಇನ್ನೊಬ್ರನ್ನ ಕೇಳ್ಬೇಡಿ, ನಿಮ್ಮ ಫೋಟೋಗಳನ್ನೇ ಕೇಳಿ. ಪ್ರತಿ ಫೈಲ್ ಒಳಗೆ ಎಕ್ಸಿಫ್ ಡೇಟಾ ಇರುತ್ತೆ, ಯಾವ ಫೋಕಲ್ ಲೆಂತ್‌ನಲ್ಲಿ ತೆಗೆದ್ರಿ ಅಂತ ಅದರಲ್ಲಿ ಬರ್ದಿರುತ್ತೆ. ನಿಮಗೆ ಇಷ್ಟವಾದ ಒಂದು ಇನ್ನೂರು ಫೋಟೋ ಮಾತ್ರ ಆರಿಸಿ (ಎಲ್ಲಾ ಅಲ್ಲ, ಇಷ್ಟವಾದದ್ದು), ಲೈಟ್‌ರೂಮ್, ಡಾರ್ಕ್‌ಟೇಬಲ್ ಥರದ ಫೋಟೋ ಸಾಫ್ಟ್‌ವೇರ್‌ನಲ್ಲಿ ಫೋಕಲ್ ಲೆಂತ್ ಪ್ರಕಾರ ಫಿಲ್ಟರ್ ಹಾಕಿ. ನಾನು ನನಗೆ 50 ಇಷ್ಟ ಅಂದ್ಕೊಂಡಿದ್ದೆ, ನೋಡಿದ್ರೆ ಎಪಿಎಸ್-ಸಿ ಮೇಲೆ 22ರಿಂದ 26ರ ನಡುವೆನೇ ರಾಶಿ ಬಿದ್ದಿತ್ತು. ಆಮೇಲೆ 23 ಎಂಎಂ ತಗೊಂಡೆ, ಫುಲ್ ಫ್ರೇಮ್ ಲೆಕ್ಕದಲ್ಲಿ ಅದು 35 ಎಂಎಂ ನೋಟ.

ಫ್ರೆಂಚ್ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯರ್-ಬ್ರೆಸ್ಸನ್ ಬಹುಪಾಲು 50 ಎಂಎಂನಲ್ಲೇ ತೆಗೆದ್ರು ಅಂತ ಎಲ್ರೂ ಉದಾಹರಣೆ ಕೊಡ್ತಾರೆ. ನಿಜ, ಆದ್ರೆ ಅದು ಫುಲ್ ಫ್ರೇಮ್ ಅಳತೆಯ ಫಿಲ್ಮ್ ಮೇಲೆ. ಎಪಿಎಸ್-ಸಿ ಕ್ಯಾಮೆರಾಗೆ ಅದೇ 50 ಹಾಕಿದ್ರೆ 75ರ ನೋಟ ಬರುತ್ತೆ, ಸಣ್ಣ ರೂಮಲ್ಲಿ ಗೋಡೆಗೆ ಬೆನ್ನು ತಾಗೋವರೆಗೂ ಹಿಂದೆ ಸರಿದ್ರೂ ಇಬ್ರು ಫ್ರೇಮ್‌ನಲ್ಲಿ ಹಿಡಿಯಲ್ಲ.

ಲೆನ್ಸ್ ಜೊತೆ ಹುಡ್ ಹಾಕಿ, ಓರೆ ಬಿಸಿಲು ತಡೆಯುತ್ತೆ, ಎಲ್ಲಾದ್ರೂ ತಾಗಿದ್ರೆ ಮೊದಲ ಏಟು ಅದೇ ತಿನ್ನುತ್ತೆ. ಒಂದು ಎಕ್ಸ್‌ಟ್ರಾ ಬ್ಯಾಟರಿ, ಒಂದು ಎಕ್ಸ್‌ಟ್ರಾ ಕಾರ್ಡ್, ಧೂಳು ಊದೋಕೆ ಒಂದು ಬ್ಲೋವರ್. ಬ್ಯಾಗ್ ತಗೊಳ್ಳೋಕೆ ಹೋಗ್ಬೇಡಿ, ಬ್ಯಾಗ್ ಇದ್ರೆ ಕ್ಯಾಮೆರಾ ಅದರೊಳಗೇ ಇರುತ್ತೆ.

3. ಮನೆ ಸೆಟ್ಟಿಂಗ್

ಇದೇ ಮುಖ್ಯ ಹೆಜ್ಜೆ, ಉಳಿದಿದ್ದೆಲ್ಲ ಓದಿಲ್ಲಾಂದ್ರೂ ಇದೊಂದು ಮಾಡಿ. ಕ್ಯಾಮೆರಾಗೆ ಒಂದು ಮನೆ ಬೇಕು, ಅಂದ್ರೆ ಏನೇ ಆಟ ಆಡಿದ್ರೂ ಕೊನೆಗೆ ವಾಪಸ್ ಬರೋ ಒಂದು ಸೆಟ್ಟಿಂಗ್. ನನ್ನದು ಹೀಗಿದೆ, ನೀವು ನಿಮಗೆ ಬೇಕಾದಂಗೆ ತಿದ್ಕೊಳ್ಳಿ.

ಅಪರ್ಚರ್ ಪ್ರಯಾರಿಟಿ ಮೋಡ್ (ಅಪರ್ಚರ್ ನಾವು ಇಡ್ತೀವಿ, ಶಟರ್ ಕ್ಯಾಮೆರಾನೇ ನೋಡ್ಕೊಳ್ಳುತ್ತೆ), ಎಫ್/4. ಆಟೋ ಐಎಸ್ಒ, ಮೇಲಿನ ಮಿತಿ 6400, ಕನಿಷ್ಠ ಶಟರ್ ಸ್ಪೀಡ್ 1/250. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಕ್ಯಾಮೆರಾ ಲೆಕ್ಕಕ್ಕಿಂತ ಫೋಟೋ ಬೆಳಕು ಅಥವಾ ಕತ್ತಲು ಮಾಡೋದು) ಸೊನ್ನೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿ ಮಾಡೋದು) ಆಟೋ. ಆಟೋಫೋಕಸ್ ಕಂಟಿನ್ಯುಯಸ್ (ಅಲ್ಲಾಡೋದನ್ನ ಹಿಂಬಾಲಿಸ್ತಾ ಇರುತ್ತೆ), ಮುಖ ಗುರುತಿಸೋದು ಆನ್. ಫೈಲ್ ರಾ (ಸೆನ್ಸರ್ ಹಿಡಿದ ಹಸಿ ಡೇಟಾ) ಪ್ಲಸ್ ಜೆಪೆಗ್. ಶಟರ್ ಒತ್ತಿದ ಮೇಲೆ ಫೋಟೋ ತೋರಿಸೋ ಇಮೇಜ್ ರಿವ್ಯೂ ಆಫ್.

ಯಾಕೆ ಅಂತ ಒಂದೊಂದಾಗಿ. ಎಫ್/4 ಯಾಕಂದ್ರೆ ಎದುರಿಗೆ ಇದ್ದವರ ಮುಖ ಪೂರ್ತಿ ಶಾರ್ಪ್ ಇರುತ್ತೆ, ಹಿಂದಿನದು ಸ್ವಲ್ಪ ಕರಗುತ್ತೆ, ಲೆನ್ಸ್ ಕೂಡ ತನ್ನ ಒಳ್ಳೇ ಗುಣಮಟ್ಟದ ಹತ್ರ ಇರುತ್ತೆ. ಬಿಸಿಲಲ್ಲಿ ಬೇಕಾದ್ರೆ ಎಫ್/8ಕ್ಕೆ ಒಂದೇ ತಿರುವು. ಎಪಿಎಸ್-ಸಿ ಮೇಲೆ ಎಫ್/11 ದಾಟಿ ಹೋಗ್ಬೇಡಿ, ಡಿಫ್ರಾಕ್ಷನ್ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡೋದು) ಶುರುವಾಗಿ ಪೂರ್ತಿ ಫೋಟೋನೇ ಮೆತ್ತಗಾಗುತ್ತೆ.

1/250 ಯಾಕಂದ್ರೆ, ಹಳೇ ನಿಯಮ ಒಂದಿದೆ, ಶಟರ್ ಸ್ಪೀಡ್ ಫೋಕಲ್ ಲೆಂತ್‌ನ ವಿಲೋಮ ಇರ್ಬೇಕು ಅಂತ, 50 ಎಂಎಂಗೆ 1/50 ಹಾಗೆ. ಅದು ಕೈ ನಡುಕಕ್ಕೆ ಮಾತ್ರ, ಅದೂ ಫುಲ್ ಫ್ರೇಮ್ ಲೆಕ್ಕ. ಎದುರಿಗಿರೋರು ನಡೀತಿದ್ರೆ ಆ ನಿಯಮ ಏನೂ ಕಾಪಾಡಲ್ಲ, ಬಾಡಿಯೊಳಗಿನ ಸ್ಟೆಬಿಲೈಸೇಶನ್ನೂ ಅಷ್ಟೇ, ಅದು ನಿಮ್ಮ ನಡುಕ ನಿಲ್ಸುತ್ತೆ, ಅವರ ನಡಿಗೆ ನಿಲ್ಸಲ್ಲ. ನಡೆಯೋರಿಗೆ 1/250, ಓಡೋ ಮಕ್ಕಳಿಗೆ 1/500, ಹಾರೋ ಹಕ್ಕಿಗೆ 1/2000 ಅಂತ ಬಾಯಿಪಾಠ ಮಾಡ್ಕೊಳ್ಳಿ. ನಾಯ್ಸ್ ಬರುತ್ತೆ ಅಂತ ಐಎಸ್ಒ ಏರ್ಸೋಕೆ ಹೆದರಿ ಶಟರ್ ಇಳಿಸೋರು ತುಂಬಾ ಜನ ಇದಾರೆ, ನಾನೂ ಇದ್ದೆ. ನಾಯ್ಸ್ ಇರೋ ಫೋಟೋನ ಈಗಿನ ಸಾಫ್ಟ್‌ವೇರ್ ಸರಿ ಮಾಡುತ್ತೆ, ಅಲ್ಲಾಡಿದ ಮುಖಾನ ಯಾರೂ ಸರಿ ಮಾಡಲ್ಲ.

ಒಂದು ಅಪವಾದ ಇದೆ. ಎಲ್‌ಇಡಿ ಅಥವಾ ಟ್ಯೂಬ್‌ಲೈಟ್ ಕೆಳಗೆ ಫೋಟೋದಲ್ಲಿ ಪಟ್ಟೆ ಪಟ್ಟೆ ಬಂದ್ರೆ ಅದು ಫ್ಲಿಕರ್. 50 ಹರ್ಟ್ಜ್ ಕರೆಂಟ್ ಇರೋ ಕಡೆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ, ಅಲ್ಲಿ 1/100 ಅಥವಾ 1/50ಕ್ಕೆ ಇಳೀರಿ, 60 ಹರ್ಟ್ಜ್ ಕಡೆ ಆದ್ರೆ 1/120 ಅಥವಾ 1/60. ಎಲೆಕ್ಟ್ರಾನಿಕ್ ಶಟರ್ ಆನ್ ಇದ್ರೆ ಈ ಪಟ್ಟೆ ಇನ್ನೂ ಜೋರು, ಮೆಕ್ಯಾನಿಕಲ್‌ಗೆ ಹಾಕಿ.

ಇಮೇಜ್ ರಿವ್ಯೂ ಆಫ್ ಮಾಡೋಕೆ ಹೇಳಿದ್ದು ಯಾಕಂದ್ರೆ ಒಂದು ಫೋಟೋ ತೆಗೆದು ತಲೆ ತಗ್ಗಿಸಿ ಸ್ಕ್ರೀನ್ ನೋಡ್ತೀವಲ್ಲ, ಒಳ್ಳೇ ಕ್ಷಣ ಬರೋದು ಸರಿಯಾಗಿ ಆವಾಗ್ಲೇ.

ಈಗ ಇದೆಲ್ಲ ಸೆಟ್ ಮಾಡಿ ಕಸ್ಟಮ್ ಮೋಡ್‌ಗೆ ಸೇವ್ ಮಾಡಿ. ಕ್ಯಾನನ್‌ನಲ್ಲಿ ಸಿ1, ನಿಕಾನ್‌ನಲ್ಲಿ ಯು1, ಸೋನಿಯಲ್ಲಿ ಡಯಲ್ ಮೇಲೆ 1 ಅಂತಿರುತ್ತೆ. ಇದರ ಚಂದ ಏನಂದ್ರೆ ಮಧ್ಯ ಏನೇ ಬದಲಾಯಿಸಿದ್ರೂ ಡಯಲ್ ಬೇರೆ ಮೋಡ್‌ಗೆ ತಿರುಗಿಸಿ ವಾಪಸ್ ಬಂದ್ರೆ ಸೇವ್ ಮಾಡಿದ್ದೇ ಮರಳಿ ಬರುತ್ತೆ. ಕ್ಯಾನನ್‌ನಲ್ಲಿ ಸೆಟ್ಟಿಂಗ್ ತಾನಾಗೇ ಅಪ್‌ಡೇಟ್ ಆಗೋ ಒಂದು ಆಪ್ಷನ್ ಇದೆ, ಅದು ಆಫ್ ಇದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ನೀವು ಮಾಡಿದ ಎಡವಟ್ಟೇ ಮನೆ ಆಗಿಬಿಡುತ್ತೆ. ಫ್ಯೂಜಿ ಥರ ಲೆನ್ಸ್ ಮೇಲೇ ಅಪರ್ಚರ್ ರಿಂಗ್, ಬಾಡಿ ಮೇಲೆ ಶಟರ್ ಡಯಲ್ ಇರೋ ಕ್ಯಾಮೆರಾ ಆದ್ರೆ ಅವು ತಾವಾಗೇ ತಿರುಗಲ್ಲ, ಕೈಯಲ್ಲೇ ವಾಪಸ್ ಇಡ್ಬೇಕು. ನಾನು ಸ್ವಿಚ್ ಆಫ್ ಮಾಡೋ ಮುಂಚೆ ಹೆಬ್ಬೆರಳಲ್ಲಿ ಕಾಂಪನ್ಸೇಶನ್ ಡಯಲ್ ಸೊನ್ನೆಗಿದೆಯಾ ಅಂತ ಮುಟ್ಟಿ ನೋಡೋದು ಈಗ ಚಪ್ಪಲಿ ಬಿಡೋಷ್ಟೇ ಸಹಜ ಆಗಿದೆ.

ಇನ್ನೊಂದು ಅಭ್ಯಾಸ, ದಿನಾ ಐದು ನಿಮಿಷ, ಕಣ್ಮುಚ್ಚಿ: ಆನ್ ಮಾಡಿ, ಎಫ್/4ರಿಂದ ಎಫ್/8ಕ್ಕೆ ಹೋಗಿ, ಕಾಂಪನ್ಸೇಶನ್ ಒಂದು ಸ್ಟಾಪ್ (ಅಂದ್ರೆ ಬೆಳಕು ಅರ್ಧಕ್ಕೆ) ಇಳಿಸಿ, ಕಣ್ಬಿಟ್ಟು ನೋಡಿ. ಮನೆಯವರು ವಿಚಿತ್ರವಾಗಿ ನೋಡ್ತಾರೆ, ಇರ್ಲಿ. ಎರಡು ವಾರಕ್ಕೆ ಕೈಗೇ ಗೊತ್ತಾಗಿರುತ್ತೆ.

4. ಎಕ್ಸ್‌ಪೋಶರ್: ಮೀಟರ್‌ಗೆ ಎಲ್ಲಾನೂ ಬೂದು

ಕ್ಯಾಮೆರಾ ಮೀಟರ್‌ಗೆ ಅದು ಬಿಳಿ ಗೋಡೆ, ಇದು ಕರೀ ಬೆಕ್ಕು ಅಂತ ಗೊತ್ತಿಲ್ಲ. ಎದುರಿಗೆ ಏನಿದ್ರೂ ಅದನ್ನ ಒಂದು ನಡುಮಟ್ಟದ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ. ಅದಕ್ಕೇ ಬಿಳಿ ಗೋಡೆ ಕೊಳಕಾಗಿ ಕಾಣುತ್ತೆ, ಕರೀ ಬೆಕ್ಕು ಬೂದಿ ಬಳ್ಕೊಂಡಂಗೆ ಕಾಣುತ್ತೆ. ಫ್ರೇಮ್ ತುಂಬಾ ಬಿಳಿ ಇದ್ರೆ ಕಾಂಪನ್ಸೇಶನ್ ಪ್ಲಸ್ 1, ಹಿಮಾನೋ ಮಂಜೋ ಆದ್ರೆ ಇನ್ನೂ ಸ್ವಲ್ಪ, ಫ್ರೇಮ್ ತುಂಬಾ ಕಪ್ಪು ಇದ್ರೆ ಮೈನಸ್ 1. ಮ್ಯಾನುಯಲ್ ಮೋಡ್‌ನಲ್ಲಿ ತೆಗೆದ್ರೇನೇ ನಿಜವಾದ ಫೋಟೋಗ್ರಾಫರ್ ಅನ್ನೋ ಮಾತೆಲ್ಲ ಬಿಡಿ, ಈ ಒಂದು ಡಯಲ್ ಸರಿಯಾಗಿ ಬಳಸೋಕೆ ಬಂದ್ರೆ ದಿನನಿತ್ಯದ ಶೂಟಿಂಗ್‌ಗೆ ಸಾಕು.

ಹೈಲೈಟ್ (ತೀರಾ ಬೆಳಕಾದ ಜಾಗ) ಮಿನುಗೋ ವಾರ್ನಿಂಗ್ ಆನ್ ಮಾಡಿ. ಪೂರ್ತಿ ಬಿಳಿ ಆಗಿ ಕಿತ್ತೋದ ಆಕಾಶದಲ್ಲಿ ಏನೂ ಉಳಿದಿರಲ್ಲ, ಕತ್ತಲಾದ ನೆರಳಿಂದ ಮಾತ್ರ ಬೇಕಾದಷ್ಟು ಎಳೀಬಹುದು. ರಾ ಫೈಲ್‌ನಲ್ಲಿ 14 ಬಿಟ್ ಅಂದ್ರೆ ಪ್ರತಿ ಪಿಕ್ಸೆಲ್‌ಗೆ 16,384 ಹಂತ, ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ ಬರೀ 256. ಹಾಗಾಗಿ ಗೊಂದಲ ಆದ್ರೆ ಸ್ವಲ್ಪ ಕತ್ತಲೆ ಕಡೆಗೇ ಹೋಗಿ. ಒಂದು ಗುಟ್ಟು, ಸ್ಕ್ರೀನ್ ಮೇಲೆ ಕಾಣೋ ಹಿಸ್ಟೋಗ್ರಾಮ್ (ಕತ್ತಲು ಬೆಳಕು ಎಷ್ಟೆಷ್ಟಿದೆ ಅಂತ ತೋರಿಸೋ ಗ್ರಾಫ್) ಸಾಮಾನ್ಯವಾಗಿ ಜೆಪೆಗ್ ಪ್ರಿವ್ಯೂದು, ನೀವು ರಾ ತೆಗೀತಿದ್ರೂ. ಅಂದ್ರೆ ಅದು ತೋರಿಸೋದಕ್ಕಿಂತ ಸ್ವಲ್ಪ ಜಾಸ್ತಿನೇ ಉಳಿದಿರುತ್ತೆ.

ಮೀಟರ್ ಕೆಟ್ಟಿದೆಯಾ ಅಂತ ಅನುಮಾನ ಬಂದ್ರೆ ಸನ್ನಿ 16 ಲೆಕ್ಕ ಹಾಕಿ: ನೆತ್ತಿ ಮೇಲೆ ಚುರುಕು ಬಿಸಿಲಿದ್ದಾಗ ಎಫ್/16, ಶಟರ್ 1/ಐಎಸ್ಒ. ಐಎಸ್ಒ 100 ಆದ್ರೆ 1/100, ಅದನ್ನೇ ಎಫ್/8ಕ್ಕೆ ತಂದ್ರೆ ಎರಡು ಸ್ಟಾಪ್ ಬೆಳಕು ಜಾಸ್ತಿ, 1/400.

5. ಬೆಳಕು ನೋಡೋದು

ಎಲ್ಲಿಗೆ ಹೋದ್ರೂ ಮೊದಲು ಮುಷ್ಟಿ ಕಟ್ಟಿ ಕೈ ಮುಂದೆ ಚಾಚಿ, ನಿಂತಲ್ಲೇ ಒಂದು ಸುತ್ತು ನಿಧಾನಕ್ಕೆ ತಿರುಗಿ. ಗೆಣ್ಣುಗಳ ಮೇಲೆ ನೆರಳು ಬದಲಾಗೋದು ಕಾಣುತ್ತೆ, ಒಂದು ಕಡೆ ಚಪ್ಪಟೆ, ಒಂದು ಕಡೆ ಗಡುಸು, ಎಲ್ಲೋ ಒಂದು ಕಡೆ ಮೆತ್ತಗೆ ಉಬ್ಬು ತಗ್ಗು ಎರಡೂ ಕಾಣುತ್ತೆ. ಆ ದಿಕ್ಕಿಗೆ ಮುಖ ಮಾಡಿ ಜನರನ್ನ ನಿಲ್ಸಿ, ಮುಗೀತು. ಮುಖಕ್ಕೂ ಮುಷ್ಟಿಗೂ ಬೆಳಕು ಬೀಳೋ ರೀತಿ ಒಂದೇ.

ಮನೆಯೊಳಗೆ ಕಿಟಕಿ ಒಂದಿದ್ರೆ ಲೈಟ್ ಎಲ್ಲ ಆರಿಸಿ. ಇದನ್ನ ಎಷ್ಟು ಹೇಳಿದ್ರೂ ಸಾಲ್ದು. ಹಗಲು ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬ್ 2700ರ ಆಸುಪಾಸು, ಎರಡೂ ಸೇರಿದ್ರೆ ಅರ್ಧ ಮುಖ ನೀಲಿ ಅರ್ಧ ಮುಖ ಕಿತ್ತಳೆ, ಯಾವ ವೈಟ್ ಬ್ಯಾಲೆನ್ಸ್‌ಗೂ ಎರಡನ್ನೂ ಒಟ್ಟಿಗೆ ಸರಿ ಮಾಡೋಕಾಗಲ್ಲ. ಕಿಟಕಿ ಪಕ್ಕ ಕೂರ್ಸಿ, ನೇರ ಬಿಸಿಲು ಬರ್ತಿದ್ರೆ ತೆಳು ಪರದೆ ಎಳೀರಿ. ಕಿಟಕಿಯಿಂದ ಎರಡು ಹೆಜ್ಜೆ ಒಳಗೆ ಬಂದ್ರೂ ಬೆಳಕು ಎಷ್ಟು ಇಳಿಯುತ್ತೆ ಅಂತ ಕಣ್ಣಿಗೆ ಗೊತ್ತಾಗಲ್ಲ, ಶಟರ್ ಸ್ಪೀಡ್ ನೋಡಿದ್ರೆ ಗೊತ್ತಾಗುತ್ತೆ.

ಮಟಮಟ ಮಧ್ಯಾಹ್ನ ಫೋಟೋ ತೆಗೀಬಾರ್ದು ಅಂತಾರೆ. ನಮಗೆ ಬಿಡುವು ಸಿಗೋದೇ ಮಧ್ಯಾಹ್ನ ಆದ್ರೆ ಏನ್ ಮಾಡೋದು? ಕಟ್ಟಡದ ನೆರಳು ಮುಗಿದು ಬಿಸಿಲು ಶುರುವಾಗೋ ಗಡಿ ಇದೆಯಲ್ಲ, ಅಲ್ಲಿ ನೆರಳೊಳಗೆ ಒಂದು ಹೆಜ್ಜೆ ಇಟ್ಟು ನಿಲ್ಸಿ. ಎದುರಿನ ಬಿಸಿಲು ನೆಲದಿಂದ ಚಿಮ್ಮಿ ಮುಖ ತುಂಬುತ್ತೆ, ಯಾವ ರಿಫ್ಲೆಕ್ಟರೂ ಬೇಡ.

6. ಫೋಕಸ್

ಮುಖ ಗುರುತಿಸೋ ಕ್ಯಾಮೆರಾ ಇದ್ರೆ ಅರ್ಧ ಕೆಲಸ ಅದೇ ಮಾಡುತ್ತೆ. ಹಳೇ ಕ್ಯಾಮೆರಾ ಆದ್ರೆ ಒಂದೇ ಪಾಯಿಂಟ್ ಇಟ್ಟು ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ. ಮಧ್ಯದ ಪಾಯಿಂಟಲ್ಲಿ ಹಿಡಿದು ಆಮೇಲೆ ಫ್ರೇಮ್ ಸರಿಸೋ ಅಭ್ಯಾಸ ಇದ್ರೆ (ಅದಕ್ಕೆ ಕಂಟಿನ್ಯುಯಸ್ ಬಿಟ್ಟು ಸಿಂಗಲ್‌ಗೆ ಹಾಕ್ಬೇಕು) ಎಫ್/4ರಲ್ಲಿ ಪರವಾಗಿಲ್ಲ, ಎಫ್/1.8ರಲ್ಲಿ ಹತ್ತಿರದಿಂದ ತೆಗೆದ್ರೆ ಕಣ್ಣು ಬಿಟ್ಟು ಕಿವಿ ಶಾರ್ಪ್ ಆಗಿರುತ್ತೆ.

ಆಟೋಫೋಕಸ್ ನಿಧಾನ ಅನ್ನಿಸಿದ್ರೆ ಜೋನ್ ಫೋಕಸ್ ಕಲೀರಿ, ಕ್ಯಾಮೆರಾ ಎಷ್ಟೇ ಹಳೇದಾಗಿದ್ರೂ ನಡೆಯುತ್ತೆ. ಎಪಿಎಸ್-ಸಿ ಮೇಲೆ 23 ಎಂಎಂ ಲೆನ್ಸ್, ಎಫ್/8, ಮ್ಯಾನುಯಲ್ ಫೋಕಸ್‌ನಲ್ಲಿ 3.3 ಮೀಟರ್‌ಗೆ ಇಟ್ಟು ಬಿಟ್ರೆ ಸುಮಾರು 1.7 ಮೀಟರ್‌ನಿಂದ ದಿಗಂತದವರೆಗೂ ಸಾಕಷ್ಟು ಶಾರ್ಪ್. ನಿಮ್ಮ ಲೆನ್ಸ್‌ಗೆ ಲೆಕ್ಕ ಬೇಕಾದ್ರೆ ಹೈಪರ್‌ಫೋಕಲ್ ಕ್ಯಾಲ್ಕುಲೇಟರ್ ಆ್ಯಪ್‌ಗಳಿವೆ. ಆಮೇಲೆ ಫೋಕಸ್ ಚಿಂತೆನೇ ಇಲ್ಲ, ಎತ್ತೋದು ಒತ್ತೋದು ಅಷ್ಟೇ.

7. ತೆಗೆಯೋ ಕ್ಷಣ

ಒಳ್ಳೇ ಹಿನ್ನೆಲೆ ಮೊದಲು ಹುಡುಕಿ, ಆಮೇಲೆ ಅಲ್ಲಿಗೆ ಯಾರಾದ್ರೂ ಬರೋಕೆ ಕಾಯಿರಿ. ಮನುಷ್ಯರ ಹಿಂದೆ ಓಡಿದ್ರೆ ಹಿನ್ನೆಲೆ ಯಾವತ್ತೂ ಕೈಗೆ ಸಿಗಲ್ಲ, ತಲೆ ಮೇಲೆ ಲೈಟ್ ಕಂಬ ಬೆಳೆದಿರುತ್ತೆ. ಒತ್ತೋ ಮುಂಚೆ ಫ್ರೇಮ್‌ನ ನಾಲ್ಕು ಅಂಚು ಒಂದು ಸಲ ಕಣ್ಣಾಡಿಸಿ. ಬರ್ಸ್ಟ್‌ನಲ್ಲಿ (ಬಟನ್ ಒತ್ತಿ ಹಿಡಿದು ಸಾಲಾಗಿ) ಐವತ್ತು ತೆಗೀಬೇಡಿ, ರಾತ್ರಿ ಕೂತು ಆರಿಸೋರು ನೀವೇ. ಗೊತ್ತಿಲ್ಲದವರ ಮುಖ ಹತ್ತಿರದಿಂದ ತೆಗೆಯೋದಾದ್ರೆ ಕಣ್ಣಲ್ಲೇ ಆದ್ರೂ ಕೇಳಿ, ಮಕ್ಕಳಾದ್ರೆ ಅಪ್ಪ ಅಮ್ಮನ್ನ ಬಾಯಿಬಿಟ್ಟು ಕೇಳಿ, ಬೇಡ ಅಂದ್ರೆ ಅಳಿಸಿ ತೋರಿಸಿ.

8. ಮನೆಗೆ ಬಂದ ಮೇಲೆ

ಕಾರ್ಡ್‌ನಿಂದ ಕಂಪ್ಯೂಟರ್‌ಗೆ ಅವತ್ತೇ ಕಾಪಿ ಮಾಡಿ. ಬ್ಯಾಕಪ್‌ಗೆ 3-2-1 ಅಂತಾರೆ, ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಜಾಗ, ಒಂದು ಮನೆಯಿಂದ ಹೊರಗೆ. ಎರಡು ಕಡೆ ಇದೆ ಅಂತ ಖಾತ್ರಿ ಆದ ಮೇಲೇನೇ ಕಾರ್ಡ್ ಫಾರ್ಮ್ಯಾಟ್, ಅದೂ ಕ್ಯಾಮೆರಾದಲ್ಲೇ, ಕಂಪ್ಯೂಟರಲ್ಲಿ ಅಲ್ಲ.

ಆರಿಸೋದು ಎರಡು ಸುತ್ತು. ಮೊದಲ ಸುತ್ತಲ್ಲಿ ಜೂಮ್ ಮಾಡ್ದೇ ಬೇಗ ಬೇಗ, ಇಷ್ಟ ಆದದ್ದಕ್ಕೆ ಮಾತ್ರ ಒಂದು ಸ್ಟಾರ್. ಎರಡನೇ ಸುತ್ತು ಒಂದು ವಾರ ಬಿಟ್ಟು, ತೆಗೆದಾಗಿನ ಖುಷಿ ಇಳಿದ ಮೇಲೆ. ನನ್ನ ಲೆಕ್ಕದಲ್ಲಿ ನೂರಕ್ಕೆ ಮೂರೋ ನಾಲ್ಕೋ ಉಳಿದ್ರೆ ಅವತ್ತು ಹಬ್ಬ. ಬೇಡವಾದದ್ದನ್ನ ಅಳಿಸೋ ಮುಂಚೆ ಅದು ಯಾಕೆ ಕೆಟ್ಟಿತು ಅಂತ ಎಕ್ಸಿಫ್ ನೋಡಿ: ಶಟರ್ ಕಮ್ಮಿ ಆಯ್ತಾ, ಫೋಕಸ್ ತಪ್ಪಿತಾ, ಸೆಟ್ಟಿಂಗ್ ಮರೆತಿದ್ರಾ. ಒಂದೇ ಕಾರಣ ಮತ್ತೆ ಮತ್ತೆ ಬಂದ್ರೆ ನಿಮ್ಮ ಮನೆ ಸೆಟ್ಟಿಂಗ್ ತಿದ್ದೋ ಹೊತ್ತು ಬಂತು ಅಂತ ಅರ್ಥ. ನನ್ನದು ಮೊದಲು 1/125 ಇತ್ತು, 1/250 ಆಗಿದ್ದು ಹೀಗೇನೇ.

ಎಡಿಟಿಂಗ್ ಒಂದು ಫೋಟೋಗೆ ಐದು ನಿಮಿಷ ದಾಟಿದ್ರೆ ನಾನು ಬಿಟ್ಬಿಡ್ತೀನಿ. ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್, ಹೈಲೈಟ್ ಇಳಿಸೋದು, ಕ್ರಾಪ್, ಸಾಕು.

ಕ್ಲೀನಿಂಗ್‌ಗೆ ಬ್ಲೋವರ್ ಮೊದಲು, ಬಟ್ಟೆ ಆಮೇಲೆ, ಧೂಳಿನ ಮೇಲೇ ಒರೆಸಿದ್ರೆ ಗೀರು ಬೀಳುತ್ತೆ. ಸೆನ್ಸರ್‌ಗೆ ಬಾಯಲ್ಲಿ ಊದ್ಬೇಡಿ, ಕ್ಯಾನ್‌ನಲ್ಲಿ ಬರೋ ಗಾಳಿನೂ ಬೇಡ, ಅದರ ದ್ರವ ಚಿಮ್ಮಿ ಕಲೆ ಕೂರುತ್ತೆ. ಲೆನ್ಸ್‌ಗಳನ್ನ ತೇವ ಇರೋ ಕಪಾಟಲ್ಲಿ ತಿಂಗಳುಗಟ್ಲೆ ಮುಚ್ಚಿಟ್ರೆ ಫಂಗಸ್ ಖಂಡಿತ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಒಳಗೆ ಸಣ್ಣ ಹೈಗ್ರೋಮೀಟರ್ ಇಟ್ಟು ತೇವಾಂಶ 40ರಿಂದ 50 ಪರ್ಸೆಂಟ್ ನಡುವೆ ಇರೋಹಾಗೆ ನೋಡ್ಕೊಳ್ಳಿ. ಎಸಿ ರೂಮಿಂದ ಸೆಕೆ ಇರೋ ಹೊರಗಡೆಗೆ ಹೋಗುವಾಗ ಕ್ಯಾಮೆರಾನ ಹೊರಗಡೆ ಬಿಸಿಗೆ ಹೊಂದ್ಕೊಳ್ಳೋವರೆಗೂ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಡಿ, ನೀರು ಹನಿ ಕವರ್ ಮೇಲೆ ಕೂರ್ಲಿ, ಲೆನ್ಸ್ ಮೇಲೆ ಬೇಡ.

ಆದ್ರೆ ದಿನಾ ಬಳಸೋ ಆ ಒಂದು ಕ್ಯಾಮೆರಾ, ಆ ಒಂದು ಲೆನ್ಸ್ ಡಬ್ಬಿಗೆ ಬೇಡ. ಬ್ಯಾಟರಿ ಚಾರ್ಜ್ ಮಾಡಿ, ಖಾಲಿ ಕಾರ್ಡ್ ಹಾಕಿ, ಡಯಲ್ ಸಿ1ರಲ್ಲಿ, ಚಪ್ಪಲಿ ಸ್ಟ್ಯಾಂಡ್ ಪಕ್ಕದ ಮೊಳೆಗೆ, ಮನೆ ಕೀ ಜೊತೆ ನೇತು ಹಾಕಿ.